ವಿಮಾನ ರದ್ದಾದ ಮೆಸೇಜ್ ಬಂದಾಗ ಯಾವ ಬಟನ್ ಒತ್ತಬೇಕು?

ಪ್ರಶ್ನೆ: ನಾವು ದಾವಣಗೆರೆಯವರು. ಅಪ್ಪನ ವರ್ಷದ ಕಾರ್ಯವನ್ನು ಕಾಶಿಯಲ್ಲಿ ಮಾಡಬೇಕು ಅಂತ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ವಾರಾಣಸಿಗೆ ನಾಲ್ಕು ಟಿಕೆಟ್ ಮಾಡಿಸಿದ್ದೆವು. ತಲೆಗೆ 7,450 ರೂಪಾಯಿ. ಬುಕ್ ಮಾಡಿದ್ದು ಒಂದು ಟ್ರಾವೆಲ್ ಆ್ಯಪ್‌ನಲ್ಲಿ. ವಿಮಾನ ಸಂಜೆ 4.20ಕ್ಕೆ. ಬೆಳಗ್ಗೆ 11.50ಕ್ಕೆ, ನಮ್ಮ ಕಾರು ತುಮಕೂರು ದಾಟುವಾಗ, ‘ಕಾರ್ಯಾಚರಣೆಯ ಕಾರಣಗಳಿಂದ ವಿಮಾನ ರದ್ದಾಗಿದೆ’ ಅಂತ ಮೆಸೇಜ್ ಬಂತು. ಕಂಪನಿ ಕೊಡುತ್ತೇನೆ ಅಂದ ಬದಲಿ ವಿಮಾನ ಎರಡು ದಿನ ಬಿಟ್ಟು. ಕಾರ್ಯ ಮರುದಿನವೇ ಇತ್ತು. ನಾನು ಗಾಬರಿಯಲ್ಲಿ ‘ರೀಫಂಡ್’ ಒತ್ತಿದೆ. ಬೇರೆ ಕಂಪನಿಯಲ್ಲಿ ಮರುದಿನ ಮುಂಜಾನೆಗೆ ತಲೆಗೆ 14,200 ಕೊಟ್ಟು ಟಿಕೆಟ್ ತೆಗೆದೆವು. ಕಾಶಿಯ ಹೋಟೆಲ್‌ನ ಒಂದು ರಾತ್ರಿಯ 3,200 ರೂಪಾಯಿ ಹೋಯಿತು. ಈಗ ರೀಫಂಡ್ ಹಣ ಆ್ಯಪ್‌ನ ವಾಲೆಟ್‌ಗೆ ಬಂದು ಕೂತಿದೆ, ಬ್ಯಾಂಕಿಗೆ ಬಂದಿಲ್ಲ. ನನ್ನ ತಮ್ಮ ‘ನೀನು ರೀಶೆಡ್ಯೂಲ್ ಒತ್ತಬೇಕಿತ್ತು, ಎಲ್ಲಾ ಹಾಳು ಮಾಡಿದೆ’ ಅಂತ ಬೈಯುತ್ತಾನೆ. ನಮಗೆ ಏನೆಲ್ಲ ಸಿಗಬೇಕು?

ಉತ್ತರ: ಮೊದಲು ತಮ್ಮನಿಗೆ ಹೇಳಿ, ನೀವು ಹಾಳು ಮಾಡಿಲ್ಲ. ನಿಮ್ಮ ಸ್ಥಿತಿಯಲ್ಲಿ ಒತ್ತಬೇಕಾದ ಬಟನ್ ಅದೇ ಆಗಿತ್ತು. ರೀಶೆಡ್ಯೂಲ್ ಒತ್ತಿದ್ದರೆ ಕಾರ್ಯವೂ ತಪ್ಪುತ್ತಿತ್ತು, ಪರಿಹಾರ ಕೇಳುವ ದಾರಿಯೂ ಮುಚ್ಚುತ್ತಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮಗೆ ಬರಬೇಕಾದ್ದು ಮೂರು ಬಗೆಯದು. ಟಿಕೆಟ್‌ನ ಪೂರ್ತಿ ಹಣ, ಅಂದರೆ 29,800, ನೀವು ಕಟ್ಟಿದ ಖಾತೆಗೇ ಬರಬೇಕು. ಅದರ ಮೇಲೆ ತಲೆಗೆ ಇಷ್ಟು ಅಂತ ಪರಿಹಾರ. ಇವೆರಡೂ ನಿಯಮದಲ್ಲೇ ಇವೆ. ಹೊಸ ಟಿಕೆಟ್‌ಗೆ ಹೆಚ್ಚಿಗೆ ಕೊಟ್ಟ ಹಣ ಮತ್ತು ಹೋಟೆಲ್ ಬಾಡಿಗೆ ಮೂರನೆಯದು. ಅದು ನಿಯಮದಲ್ಲಿ ಇಲ್ಲ. ಅದಕ್ಕೆ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬೇಕು.

ನಾನು ಇಪ್ಪತ್ತು ವರ್ಷ ಟಿಕೆಟಿಂಗ್ ಕೌಂಟರ್‌ನ ಆ ಕಡೆ ಕೂತಿದ್ದವನು. ಜನ ಹಣ ಕಳೆದುಕೊಳ್ಳುವುದು ಕಾನೂನು ಇಲ್ಲದೆ ಅಲ್ಲ. ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡು ಕಳೆದುಕೊಳ್ಳುತ್ತಾರೆ. ರೀಫಂಡ್ ಒಂದು, ಪರಿಹಾರ ಇನ್ನೊಂದು. ರೀಫಂಡ್‌ಗೆ ಕಾರಣ ಬೇಕಿಲ್ಲ. ಮಳೆಯೋ ಮಂಜೋ ಪೈಲಟ್ ಇಲ್ಲವೋ, ವಿಮಾನ ಹಾರಲಿಲ್ಲ ಅಂದರೆ ನಿಮ್ಮ ಹಣ ನಿಮಗೆ. ಪರಿಹಾರಕ್ಕೆ ಮಾತ್ರ ‘ಯಾಕೆ ರದ್ದಾಯಿತು’, ‘ಯಾವಾಗ ಹೇಳಿದರು’ ಎಂಬ ಎರಡು ಪ್ರಶ್ನೆ. ಕೌಂಟರ್‌ನಲ್ಲಿ ‘ಹವಾಮಾನ ಸರ್, ಏನೂ ಕೊಡೋಕ್ಕಾಗಲ್ಲ’ ಅಂದಾಗ ಜನ ರೀಫಂಡೂ ಇಲ್ಲ ಅಂದುಕೊಂಡು ಸುಮ್ನೆ ವಾಪಸ್ ಹೋಗುತ್ತಿದ್ದರು. ನಾನೇ ನೋಡಿದ್ದೇನೆ.

ನಿಯಮ ಮಾಡಿದ್ದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. 2010ರಲ್ಲಿ ಬಂತು, 2016ರಲ್ಲಿ ಪರಿಹಾರದ ಮೊತ್ತ ಏರಿತು. ಗಡಿಯಾರ ಹೀಗೆ ಓಡುತ್ತದೆ. ವಿಮಾನ ರದ್ದು ಮಾಡುವುದಾದರೆ ಎರಡು ವಾರ ಮೊದಲೇ ಹೇಳಬೇಕು. ಆಮೇಲೆ ಹೇಳಿದರೂ 24 ಗಂಟೆ ಉಳಿದಿದ್ದರೆ ಬದಲಿ ವಿಮಾನ ಅಥವಾ ರೀಫಂಡ್ ಕೊಟ್ಟು ಮುಗಿಸಬಹುದು. 24 ಗಂಟೆಗಿಂತ ಒಳಗೆ ಬಂದರೆ ಪರಿಹಾರದ ಪ್ರಶ್ನೆ ಏಳುತ್ತದೆ. ನಿಮಗೆ ಹೇಳಿದ್ದು ನಾಲ್ಕೂವರೆ ಗಂಟೆ ಮೊದಲು. ಇಲ್ಲಿ ವಾದವೇ ಇಲ್ಲ.

ಇನ್ನು ಬಟನ್‌ನ ವಿಷಯ. ಕೊನೇ ಗಳಿಗೆಯಲ್ಲಿ ರದ್ದಾದರೆ ಕಂಪನಿ ಬದಲಿ ವಿಮಾನ ಕೊಡಬೇಕು, ಅಥವಾ ಪೂರ್ತಿ ಹಣದ ಜೊತೆಗೆ ಪರಿಹಾರ ಕೊಡಬೇಕು ಅನ್ನುತ್ತದೆ ನಿಯಮ. ನಡುವೆ ಇರುವುದು ‘ಅಥವಾ’. ಬದಲಿ ವಿಮಾನವನ್ನು ಒಪ್ಪಿಕೊಂಡು ಹತ್ತಿದಿರಿ ಅಂದರೆ ಪರಿಹಾರದ ಮಾತು ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಹಾಗಂತ ಬದಲಿ ವಿಮಾನ ಕೆಟ್ಟದ್ದು ಅಂತ ಅಲ್ಲ. ಮೂರು ಗಂಟೆ ಬಿಟ್ಟು ಇನ್ನೊಂದು ವಿಮಾನ ಇದ್ದರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಿ. ಐದಾರು ಸಾವಿರದ ಪರಿಹಾರಕ್ಕೆ ಆಸೆಪಟ್ಟು ಹದಿನೈದು ಸಾವಿರದ ಟಿಕೆಟ್ ಕೊಳ್ಳುವುದು ಯಾವ ಲೆಕ್ಕ?

ಆದರೆ ನಿಯಮದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ನಿಮಗೆ ಹೇಳುವುದಿಲ್ಲ. ಆ ಬದಲಿ ವಿಮಾನ ಪ್ರಯಾಣಿಕರಿಗೆ ಒಪ್ಪಿಗೆ ಆಗುವಂಥದ್ದು ಇರಬೇಕು. ಒಪ್ಪಿಗೆ ನಿಮ್ಮದು, ಕಂಪನಿಯದಲ್ಲ. ಎರಡು ದಿನದ ನಂತರದ್ದು ನಿಮಗೆ ಒಪ್ಪಿಗೆ ಇಲ್ಲ. ಕೆಲವು ಕಂಪನಿಗಳು ಕೇಳದೆಯೇ ಬೇರೆ ವಿಮಾನಕ್ಕೆ ಹಾಕಿ ‘ನಿಮ್ಮ ಹೊಸ ಟಿಕೆಟ್ ರೆಡಿ’ ಅಂತ ಮೆಸೇಜ್ ಕಳಿಸುತ್ತವೆ. ಅದಕ್ಕೆ ಉತ್ತರ ಕೊಡದೆ ಬಿಟ್ಟರೆ ‘ಒಪ್ಪಿಕೊಂಡಿದ್ದರು’ ಅಂತ ಆಮೇಲೆ ವಾದ ಬರುತ್ತದೆ. ಬೇಡದಿದ್ದರೆ ‘ಇದು ನನಗೆ ಒಪ್ಪಿಗೆ ಇಲ್ಲ’ ಅಂತ ಒಂದು ಸಾಲು ಬರೆದು ಮೇಲ್ ಹಾಕಿ. ಒಂದು ಸಾಲು ಸಾಕು.

ಇನ್ನೊಂದು ಬಟನ್ ಇದೆ, ‘ಕ್ಯಾನ್ಸಲ್ ಬುಕಿಂಗ್’ ಅಂತ. ಅದನ್ನು ಒತ್ತಲೇಬೇಡಿ. ಅದು ನೀವಾಗಿ ರದ್ದು ಮಾಡಿದ ಲೆಕ್ಕ. ಕ್ಯಾನ್ಸಲೇಶನ್ ಚಾರ್ಜ್ ಕಳೆದು ಚಿಲ್ಲರೆ ಕೈಗೆ ಬರುತ್ತದೆ. ಮುಖ್ಯವಾಗಿ ‘ವಿಮಾನ ರದ್ದಾಗುತ್ತಂತೆ’ ಅಂತ ಸುದ್ದಿ ಕೇಳಿದ ಕೂಡಲೇ, ಕಂಪನಿಯ ಮೆಸೇಜ್ ಬರುವ ಮೊದಲೇ ಒತ್ತಿಬಿಡುವವರು ಜಾಸ್ತಿ. ಕಂಪನಿ ಬಾಯಿಬಿಟ್ಟು ಹೇಳುವವರೆಗೆ ಕಾಯಿರಿ.

ಈಗ ದುಡ್ಡಿನ ಲೆಕ್ಕ. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆವರೆಗೆ 7,500, ಅದಕ್ಕಿಂತ ಜಾಸ್ತಿಗೆ 10,000 ಅಂತ ಎಲ್ಲ ಕಡೆ ಬರೆಯುತ್ತಾರೆ. ಬೆಂಗಳೂರು–ವಾರಾಣಸಿ ಎರಡು ಗಂಟೆ ಮೀರುತ್ತದೆ. ಹಾಗಾದರೆ ನಾಲ್ಕು ಜನಕ್ಕೆ 40,000 ಅಲ್ವಾ? ಅಲ್ಲ. ಅದು ಮಿತಿ. ಆ ಮೊತ್ತ, ಇಲ್ಲವೇ ಒಂದು ಕಡೆಯ ಬೇಸ್ ಫೇರ್ (ತೆರಿಗೆ, ಏರ್‌ಪೋರ್ಟ್ ಶುಲ್ಕ ಬಿಟ್ಟ ಮೂಲ ದರ) ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ನಿಮ್ಮ ಟಿಕೆಟ್ 7,450 ಅಂದರೆ ಅದರಲ್ಲಿ ಏರ್‌ಪೋರ್ಟ್ ಶುಲ್ಕ, ಜಿಎಸ್‌ಟಿ ಎಲ್ಲ ಸೇರಿವೆ. ಟಿಕೆಟ್ ಇನ್‌ವಾಯ್ಸ್ ತೆಗೆದು ನೋಡಿ. ಬೇಸ್ ಫೇರ್ ಮತ್ತು ಇಂಧನ ಶುಲ್ಕ ಸೇರಿ 6,100 ಇದೆ ಅಂತ ಇಟ್ಟುಕೊಳ್ಳೋಣ. ಆಗ ಪರಿಹಾರ ತಲೆಗೆ 6,100, ನಾಲ್ಕು ಜನಕ್ಕೆ 24,400. ಅಗ್ಗದ ಟಿಕೆಟ್ ಹಿಡಿದವನಿಗೆ ಪರಿಹಾರವೂ ಅಗ್ಗ. ನನಗೆ ಇದು ಸರಿ ಅನ್ನಿಸುವುದಿಲ್ಲ. ವಿಮಾನ ರದ್ದಾದ ಸಂಜೆ ಟಿಕೆಟ್ ಬೆಲೆ ಏರುವುದು ಎಲ್ಲರಿಗೂ ಒಂದೇ ರೀತಿ ತಾನೇ. ಆದರೆ ನಿಯಮ ಹಾಗಿದೆ. 40,000 ಕೇಳಿ ಮೇಲ್ ಬರೆದರೆ ನಿಮ್ಮ ಇಡೀ ಪತ್ರವನ್ನೇ ಪಕ್ಕಕ್ಕಿಡುತ್ತಾರೆ. ಲೆಕ್ಕ ಸರಿಯಾಗಿ ಹಾಕಿ ಕೇಳಿ.

ಪರಿಹಾರವನ್ನು ನಗದಾಗಿ ಅಥವಾ ಬ್ಯಾಂಕ್ ಮೂಲಕ ಕೊಡಬೇಕು. ವೋಚರ್ ಕೊಡುವುದಾದರೆ ನಿಮ್ಮ ಒಪ್ಪಿಗೆ ಬೇಕು. ‘ಹತ್ತು ಸಾವಿರದ ವೋಚರ್’ ಅಂದರೆ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ. ಆದರೆ ಅದೇ ಕಂಪನಿಯಲ್ಲಿ, ಅವಧಿ ಮುಗಿಯುವುದರೊಳಗೆ ಹಾರಲೇಬೇಕು ನೋಡಿ.

ಕಾರಣದ ಕಡೆಗೆ ಬರೋಣ. ಪರಿಹಾರದಿಂದ ಕಂಪನಿ ತಪ್ಪಿಸಿಕೊಳ್ಳಬಹುದಾದ ಕಾರಣಗಳ ಪಟ್ಟಿ ನಿಯಮದಲ್ಲೇ ಇದೆ. ನೈಸರ್ಗಿಕ ವಿಕೋಪ, ಪ್ರವಾಹ, ಗಲಭೆ, ಮುಷ್ಕರ, ಸರ್ಕಾರದ ಆದೇಶ, ಏರ್ ಟ್ರಾಫಿಕ್ ಕಂಟ್ರೋಲ್, ಹವಾಮಾನ, ಭದ್ರತೆ, ಹೀಗೆ. ಕಂಪನಿಯ ಕೈ ಮೀರಿದ ಬೇರೆ ಕಾರಣಗಳು ಅಂತ ಒಂದು ಕಿಟಕಿಯನ್ನೂ ತೆರೆದಿಟ್ಟಿದ್ದಾರೆ. ‘ಕಾರ್ಯಾಚರಣೆಯ ಕಾರಣ’ ಅನ್ನುವ ಪದ ಈ ಪಟ್ಟಿಯಲ್ಲಿ ಇಲ್ಲ. ಅದು ಏನನ್ನೂ ಹೇಳದ ಪದ. ಸಿಬ್ಬಂದಿ ಸಾಲದಿದ್ದರೂ ಅದೇ, ಸೀಟು ತುಂಬದಿದ್ದರೂ ಅದೇ. ಹಾಗಾಗಿ ನೀವು ಕೇಳಬೇಕಾದ್ದು, ‘ನಿಮ್ಮ ಕೈ ಮೀರಿದ ಕಾರಣ ಯಾವುದು, ಬರವಣಿಗೆಯಲ್ಲಿ ಕೊಡಿ’ ಅಂತ. ವಾರಾಣಸಿಯಲ್ಲಿ ಜನವರಿಯಲ್ಲಾದರೆ ಮಂಜು ಅಂದಾರು, ನಂಬೋಣ. ಏಪ್ರಿಲ್‌ನಲ್ಲಿ ಯಾವ ಮಂಜು? ಅದೇ ದಿನ ಬೆಂಗಳೂರಿನಿಂದ ವಾರಾಣಸಿಗೆ ಬೇರೆ ಕಂಪನಿಯ ವಿಮಾನ ಹಾರಿದೆಯೇ ಅಂತ ವಿಮಾನ ಟ್ರ್ಯಾಕ್ ಮಾಡುವ ಆ್ಯಪ್‌ಗಳಲ್ಲಿ ನೋಡಬಹುದು. ಹಾರಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹಳೆಯ ದಿನಗಳ ಮಾಹಿತಿ ಬಿಟ್ಟಿಯಾಗಿ ಸಿಗುವುದು ಕೆಲವು ದಿನ ಮಾತ್ರ, ಅದಕ್ಕೇ ಅವಸರ ಮಾಡಿ ಅನ್ನುವುದು.

2025ರ ಡಿಸೆಂಬರ್ ಮೊದಲ ವಾರ ನೆನಪಿರಬೇಕು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳದೆ ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿತು. ಡಿಸೆಂಬರ್ 5 ಒಂದೇ ದಿನ ಸಾವಿರಕ್ಕೂ ಹೆಚ್ಚು. ಭುವನೇಶ್ವರದಲ್ಲಿ ಸಿಕ್ಕಿಬಿದ್ದ ನವದಂಪತಿ ಹುಬ್ಬಳ್ಳಿಯ ತಮ್ಮದೇ ಆರತಕ್ಷತೆಗೆ ವಿಡಿಯೋ ಕಾಲ್‌ನಲ್ಲಿ ಕೂತಿದ್ದು ಆಗಲೇ. ಬೇರೆ ಕಂಪನಿಗಳ ಟಿಕೆಟ್ ಬೆಲೆ ಮುಗಿಲಿಗೆ ಹೋಯಿತು. ಡಿಸೆಂಬರ್ 6ರಂದು ಸರ್ಕಾರ ಬೆಲೆಗೆ ಮಿತಿ ಹಾಕಿತು. ಹೆಚ್ಚು ತೊಂದರೆಯಾದವರಿಗೆ ಕಂಪನಿ 10,000 ರೂಪಾಯಿಯ ವೋಚರ್ ಘೋಷಿಸಿತು. ನಿಯಮದ ಪ್ರಕಾರ ಕೊಡುವ ಪರಿಹಾರ ಅದಕ್ಕೆ ಹೊರತು ಅಂತಲೂ ಹೇಳಿತು. ಈ ಪ್ರಸಂಗವನ್ನು ಯಾಕೆ ಎತ್ತಿದೆ ಅಂದರೆ, ಮೊದಲೇ ಗೊತ್ತಿದ್ದ ನಿಯಮಕ್ಕೆ ತಯಾರಾಗದೆ ಇರುವುದನ್ನು ಕೈ ಮೀರಿದ ಕಾರಣ ಅನ್ನಲು ಬರುವುದಿಲ್ಲ. ಸಿಬ್ಬಂದಿ ಕೊರತೆ ಅಂತ ನಿಮಗೆ ಉತ್ತರ ಬಂದರೆ ಅದನ್ನೇ ತಿರುಗಿಸಿ ಕೇಳಿ.

ವಾಲೆಟ್‌ಗೆ ಬಂದ ಹಣದ ಕಥೆ ಸುಲಭ. ರೀಫಂಡನ್ನು ವಾಲೆಟ್ ಅಥವಾ ಕ್ರೆಡಿಟ್ ಶೆಲ್ (ಮುಂದಿನ ಟಿಕೆಟ್‌ಗೆ ಅಂತ ಕಂಪನಿಯಲ್ಲೇ ಉಳಿಯುವ ಹಣ) ಆಗಿ ಇಟ್ಟುಕೊಳ್ಳುವುದು ಪ್ರಯಾಣಿಕರ ಇಷ್ಟ, ಕಂಪನಿ ತಾನಾಗಿ ಹಾಗೆ ಮಾಡುವಂತಿಲ್ಲ ಅಂತ ಡಿಜಿಸಿಎ ನಿಯಮ ಇದೆ. ಜನಕ್ಕೆ ಕೋವಿಡ್ ಕಾಲದ ನೆನಪು ಇದೆ. ಆಗ, 2020ರ ಅಕ್ಟೋಬರ್‌ನಲ್ಲಿ, ಲಾಕ್‌ಡೌನ್ ಟಿಕೆಟ್‌ಗಳಿಗೆ ಕ್ರೆಡಿಟ್ ಶೆಲ್ ಕೊಡಲು ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತ್ತು. ಅದು ಆ ಸಂಕಟಕ್ಕೆ ಮಾತ್ರ, ಅದೂ 2021ರ ಮಾರ್ಚ್ 31ರವರೆಗೆ. ಆ ರೂಢಿಯನ್ನು ಈಗಲೂ ಎಳೆದುಕೊಂಡು ಬರುವವರಿದ್ದಾರೆ. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದರೆ ಏಳು ದಿನದಲ್ಲಿ ವಾಪಸ್ ಬರಬೇಕು. ಆ್ಯಪ್‌ನವರು ‘ಏರ್‌ಲೈನ್ ಕೇಳಿ’ ಅನ್ನುತ್ತಾರೆ, ಏರ್‌ಲೈನ್‌ನವರು ‘ಆ್ಯಪ್ ಕೇಳಿ’ ಅನ್ನುತ್ತಾರೆ. ಏಜೆಂಟ್ ಕಂಪನಿಯ ಪ್ರತಿನಿಧಿ, ಆದ್ದರಿಂದ ರೀಫಂಡ್‌ನ ಹೊಣೆ ಏರ್‌ಲೈನ್‌ನದೇ. ಇದೂ ನಿಯಮದಲ್ಲಿದೆ. ಒಂದು ಎಚ್ಚರ ಮಾತ್ರ. ಆ ವಾಲೆಟ್ ಹಣದಲ್ಲಿ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಬಸ್ ಟಿಕೆಟ್ ತೆಗೆದರೂ ವಾಲೆಟ್ ಒಪ್ಪಿಕೊಂಡ ಹಾಗೆ ಆಗುತ್ತದೆ.

ಹೊಸ ಟಿಕೆಟ್‌ಗೆ ನೀವು ಕೊಟ್ಟದ್ದು 56,800. ಹಳೆಯದು ವಾಪಸ್ ಬಂದರೆ ಹೆಚ್ಚುವರಿ 27,000. ಹೋಟೆಲ್ ಸೇರಿ 30,200. ಪರಿಹಾರ 24,400 ಬಂದರೆ ಕೈಯಿಂದ ಹೋದದ್ದು 5,800. ಇಷ್ಟಕ್ಕೆ ಗ್ರಾಹಕ ಆಯೋಗಕ್ಕೆ ಹೋಗಬೇಕೇ ಅಂತ ಕೇಳಿದರೆ, ಪರಿಹಾರ ಕೊಟ್ಟುಬಿಟ್ಟರೆ ಬೇಡ ಅನ್ನುತ್ತೇನೆ. ಕೊಡದಿದ್ದರೆ ಖಂಡಿತ ಹೋಗಿ, ಆಗ ಎಲ್ಲವನ್ನೂ ಸೇರಿಸಿ ಕೇಳಿ. ಈ ಬಗೆಯ ವಾದಕ್ಕೆ ಬಲ ಕೊಡುವ ತೀರ್ಪೊಂದಿದೆ, ಅದು ರೈಲಿನದು. ಜಮ್ಮುವಿಗೆ ಹೋಗುವ ರೈಲು ನಾಲ್ಕು ಗಂಟೆ ತಡವಾಗಿ ಪ್ರಯಾಣಿಕರೊಬ್ಬರಿಗೆ ಶ್ರೀನಗರದ ವಿಮಾನ ತಪ್ಪಿತು. ಟ್ಯಾಕ್ಸಿ ಮಾಡಿಕೊಂಡು ಹೋದರು. ತಡವಾದದ್ದಕ್ಕೆ ಕಾರಣ ಏನು ಅಂತ ಸಾಬೀತು ಮಾಡಬೇಕಾದ್ದು ರೈಲ್ವೆ, ಪ್ರಯಾಣಿಕರಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಟ್ಯಾಕ್ಸಿ ಖರ್ಚನ್ನೂ ಸೇರಿಸಿ ಪರಿಹಾರ ಕೊಡಿಸಿದ್ದನ್ನು ಎತ್ತಿಹಿಡಿಯಿತು. ವಿಮಾನಕ್ಕೆ ಹಾಗೆಹಾಗೇ ಅಂಟಿಸಲು ಆಗದು. ಆದರೂ ಕಾರಣ ಹೇಳುವ ಹೊರೆ ಯಾರ ಮೇಲೆ ಅನ್ನುವುದಕ್ಕೆ ಒಳ್ಳೆಯ ಆಧಾರ.

ಆಯೋಗಕ್ಕೆ ಹೋಗಲು ದೆಹಲಿಗೋ ಗುರುಗ್ರಾಮಕ್ಕೋ ಓಡಬೇಕಿಲ್ಲ. ಟಿಕೆಟ್‌ನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಏನೇ ಬರೆದಿರಲಿ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ದಾವಣಗೆರೆಯಲ್ಲೇ ದೂರು ಕೊಡಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಹಾಕಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ಎರಡು ವರ್ಷ ಸಮಯ ಇದೆ. ಅದಕ್ಕೂ ಮೊದಲು ಏರ್‌ಲೈನ್‌ನ ನೋಡಲ್ ಅಧಿಕಾರಿಗೆ (ದೂರು ನೋಡಿಕೊಳ್ಳುವವರಿಗೆ) ಮೇಲ್, ಆಮೇಲೆ ಸರ್ಕಾರದ ಏರ್‌ಸೇವಾ ಪೋರ್ಟಲ್, ಗ್ರಾಹಕ ಸಹಾಯವಾಣಿ 1915. ನನ್ನ ಅನುಭವದಲ್ಲಿ ಏರ್‌ಸೇವಾದಲ್ಲಿ ದೂರು ಹಾಕಿದ ಮೇಲೆ ಏರ್‌ಲೈನ್‌ನ ಭಾಷೆಯೇ ಬದಲಾಗುತ್ತದೆ.

ನೀವು ಇನ್ನೂ ದಾರಿಯಲ್ಲಿದ್ದಿರಿ, ಅದಕ್ಕೆ ಊಟದ ಮಾತು ಬರಲಿಲ್ಲ. ಏರ್‌ಪೋರ್ಟ್‌ಗೆ ಹೋಗಿ ಹಾಜರಾದ ಮೇಲೆ ರದ್ದಾದರೆ, ಬದಲಿ ವಿಮಾನಕ್ಕೆ ಕಾಯುವವರಿಗೆ ಊಟ ತಿಂಡಿ ಕೊಡಬೇಕು. ಮಂಜಿನಿಂದ ತಡವಾದ ಒಂದು ಪ್ರಕರಣದಲ್ಲಿ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ತಡಕ್ಕೆ ಕಂಪನಿ ಹೊಣೆಯಲ್ಲ, ಆದರೆ ಅಗ್ಗದ ಏರ್‌ಲೈನ್ ಆದರೂ ಕನಿಷ್ಠ ಅನುಕೂಲ ನೋಡಿಕೊಳ್ಳಬೇಕು.

ರದ್ದು ಅನ್ನದೆ ‘ಸಮಯ ಬದಲಾಗಿದೆ’ ಅನ್ನುವ ಉಪಾಯವೂ ಇದೆ. ದೇಶದೊಳಗಿನ ವಿಮಾನ ಆರು ಗಂಟೆಗಿಂತ ಜಾಸ್ತಿ ತಡವಾದರೆ ಆಗಲೂ ಬದಲಿ ವಿಮಾನ ಅಥವಾ ಪೂರ್ತಿ ರೀಫಂಡ್ ನಿಮ್ಮ ಆಯ್ಕೆ. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಿದ್ದ ವಿಮಾನ ಆರು ಗಂಟೆ ಮೀರಿದರೆ ಹೋಟೆಲ್ ಕೂಡ.

ಮುಂದಿನ ಸಲಕ್ಕೆ ಎರಡು ಮಾತು. ಬುಕ್ ಮಾಡುವಾಗ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಊರಿನ ಏಜೆಂಟ್ ತನ್ನ ನಂಬರ್ ಹಾಕಿಬಿಟ್ಟರೆ ರದ್ದಾದ ಮೆಸೇಜ್ ಅವನಿಗೆ ಹೋಗುತ್ತದೆ. ಸರಿಯಾದ ಸಂಪರ್ಕ ಕೊಡದವರಿಗೆ ಪರಿಹಾರ ಇಲ್ಲ ಅಂತಲೂ ನಿಯಮದಲ್ಲಿದೆ. ಇನ್ನೊಂದು, ಹೋಗುವ ಬರುವ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿದ್ದರೆ ರೀಫಂಡ್ ಒತ್ತುವ ಮುಂಚೆ ಫೋನ್ ಮಾಡಿ, ‘ಹೋಗುವುದು ಮಾತ್ರ, ಬರುವುದು ಹಾಗೇ ಇರಲಿ’ ಅಂತ ಹೇಳಿ. ಇಲ್ಲದಿದ್ದರೆ ವಾಪಸ್ ಬರುವ ಸೀಟೂ ಜೊತೆಗೆ ಹಾರಿಹೋಗಬಹುದು. ನಾಲ್ವರಲ್ಲಿ ಇಬ್ಬರಿಗೆ ಬದಲಿ ವಿಮಾನ ಸಾಕು, ಇಬ್ಬರಿಗೆ ರೀಫಂಡ್ ಬೇಕು ಅಂದರೆ ಪಿಎನ್‌ಆರ್ ಒಡೆಯಲು ಹೇಳಿ. ಕೌಂಟರ್‌ನಲ್ಲಿ ಇದು ಎರಡು ನಿಮಿಷದ ಕೆಲಸ.

ಮಕ್ಕಳು ಹೊರದೇಶದಲ್ಲಿರುವ ಓದುಗರೂ ಇದನ್ನು ಓದುತ್ತಾರೆ ಅಂತ ಒಂದಿಷ್ಟು. ಯುರೋಪಿಯನ್ ಒಕ್ಕೂಟದ ಏರ್‌ಪೋರ್ಟ್‌ನಿಂದ ಹೊರಡುವ ಯಾವ ವಿಮಾನಕ್ಕಾದರೂ ಅಲ್ಲಿನ 261 ಸಂಖ್ಯೆಯ ಕಾನೂನು ಅನ್ವಯ. ಫ್ರಾಂಕ್‌ಫರ್ಟ್‌ನಿಂದ ಬರುವ ಏರ್ ಇಂಡಿಯಾಕ್ಕೂ ಅನ್ವಯ. ಆದರೆ ಇಲ್ಲಿಂದ ಅಲ್ಲಿಗೆ ಹೋಗುವಾಗ ಯುರೋಪಿನ ಕಂಪನಿಗಳಿಗೆ ಮಾತ್ರ. 14 ದಿನದೊಳಗೆ ರದ್ದು ಮಾಡಿದರೆ, 3,500 ಕಿಲೋಮೀಟರ್ ಮೀರಿದ ದಾರಿಗೆ 600 ಯೂರೊವರೆಗೆ. ಟಿಕೆಟ್ ಎಷ್ಟಕ್ಕೆ ಕೊಂಡಿರಿ ಅಂತ ಅಲ್ಲಿ ಕೇಳುವುದಿಲ್ಲ, ಬದಲಿ ವಿಮಾನ ಹತ್ತಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ವಿಮಾನದ ತಾಂತ್ರಿಕ ದೋಷವನ್ನು ಸಾಮಾನ್ಯವಾಗಿ ಕೈ ಮೀರಿದ ಕಾರಣ ಅಂತ ಅಲ್ಲಿನ ನ್ಯಾಯಾಲಯ ಒಪ್ಪುವುದಿಲ್ಲ. ಬ್ರಿಟನ್‌ನಲ್ಲಿ ಹೆಚ್ಚುಕಡಿಮೆ ಇದೇ ಕಾನೂನು, ಮೊತ್ತ 520 ಪೌಂಡ್‌ವರೆಗೆ. ಅಮೆರಿಕದಲ್ಲಿ ರೀಫಂಡ್ ಕಡ್ಡಾಯ, ಪರಿಹಾರ ಕಡ್ಡಾಯ ಅಲ್ಲ.

ಈಗ ನೀವು ಮಾಡಬೇಕಾದ್ದು. ಇವತ್ತೇ ಏರ್‌ಲೈನ್‌ನ ನೋಡಲ್ ಅಧಿಕಾರಿಗೆ ಒಂದು ಮೇಲ್ ಬರೆಯಿರಿ, ಆ್ಯಪ್‌ನವರಿಗೂ ಅದರ ಪ್ರತಿ ಹೋಗಲಿ. ಬೈಗುಳ ಬೇಡ, ಅಪ್ಪನ ಕಾರ್ಯದ ವಿವರವೂ ಇಲ್ಲಿ ಬೇಡ. ಅದು ಆಯೋಗಕ್ಕೆ ಹೋದರೆ ಅಲ್ಲಿಗಿರಲಿ. ಹೀಗಿದ್ದರೆ ಸಾಕು:

‘ನಮ್ಮ ನಾಲ್ವರ ಬೆಂಗಳೂರು–ವಾರಾಣಸಿ ವಿಮಾನ ಹೊರಡುವ ನಾಲ್ಕೂವರೆ ಗಂಟೆ ಮೊದಲು ರದ್ದಾಗಿದೆ ಅಂತ ತಿಳಿಸಿದ್ದೀರಿ. ಎರಡು ದಿನದ ನಂತರದ ಬದಲಿ ವಿಮಾನ ನಮಗೆ ಒಪ್ಪಿಗೆ ಇರಲಿಲ್ಲ. ವಾಲೆಟ್‌ಗೆ ಹಾಕಿದ ರೀಫಂಡ್ ನಮಗೆ ಒಪ್ಪಿಗೆ ಇಲ್ಲ, 29,800 ರೂಪಾಯಿಯನ್ನು ಕಟ್ಟಿದ ಖಾತೆಗೇ ಹಾಕಿ. ಡಿಜಿಸಿಎ ನಿಯಮದಂತೆ ತಲೆಗೆ ಬೇಸ್ ಫೇರ್ ಮತ್ತು ಇಂಧನ ಶುಲ್ಕದಷ್ಟು ಪರಿಹಾರವನ್ನು ಬ್ಯಾಂಕ್ ಮೂಲಕ ಕೊಡಿ, ವೋಚರ್ ಬೇಡ. ಕೊಡಲು ಬರುವುದಿಲ್ಲ ಅಂದರೆ, ನಿಮ್ಮ ಕೈ ಮೀರಿದ ಕಾರಣ ಯಾವುದು ಅಂತ ದಾಖಲೆ ಸಮೇತ ತಿಳಿಸಿ. 15 ದಿನ ಕಾಯುತ್ತೇವೆ.’

ಜೊತೆಗೆ ರದ್ದಾದ ಮೆಸೇಜ್‌ನ ಸ್ಕ್ರೀನ್‌ಶಾಟ್ ಸಮಯ ಕಾಣುವ ಹಾಗೆ, ಹಳೇ ಟಿಕೆಟ್‌ನ ಇನ್‌ವಾಯ್ಸ್, ಬ್ಯಾಂಕ್ ಖಾತೆಯ ವಿವರ. ಹೊಸ ಟಿಕೆಟ್ ಮತ್ತು ಹೋಟೆಲ್ ಬಿಲ್‌ಗಳನ್ನು ಈಗ ಕಳಿಸಬೇಡಿ, ಎತ್ತಿಡಿ. ಆಯೋಗಕ್ಕೆ ಹೋಗಬೇಕಾಗಿ ಬಂದರೆ ಅವು ಬೇಕಾಗುತ್ತವೆ. 16ನೇ ದಿನಕ್ಕೂ ಉತ್ತರ ಬರದಿದ್ದರೆ ಏರ್‌ಸೇವಾದಲ್ಲಿ ದೂರು ಹಾಕಿ.